ಮಗು ಕೇಳಿದ ಹೊರತು ಮೊದಲಾಗದ ಪಾಠ

ಮುಂಬಯಿಯ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ಸಿನಿಂದ ಹೊರಟ ಲೋಕಲ್ ಗಾಡಿ ಮೊದಲು ನಿಲ್ಲುವುದು ಮಸ್ಜಿದ್ ಎಂಬ ನಿಲ್ದಾಣದಲ್ಲಿ. ಈ ಹೆಸರು ಮುಸಲ್ಮಾನ ಬಾಂಧವರ ಮಸೀದಿಯೊಂದರಿಂದ ಬಂದಿರಬೇಕೆಂದು ಬಹುಮಂದಿ ಎಣಿಸುವುದು ಸಹಜ. ಆದರೆ 1796ರಲ್ಲಿ ಸ್ಥಾಪಿತವಾಗಿ, ಈಗ ಹತ್ತಿರದ ಸ್ಯಾಮ್ಯುಯೆಲ್ ಬೀದಿಯಲ್ಲಿರುವ ಯೆಹೂದ್ಯರ ಪ್ರಾರ್ಥನಾ ಮಂದಿರದಿಂದ ಅದು ಬಂದಿತೆಂದು ಹೇಳುತ್ತಾರೆ. ಆ ಮಂದಿರವನ್ನು ಕಟ್ಟಿದವರು ಬೆನೆ ಇಸ್ರೇಲ್ ಎಂಬ ಪಂಗಡದವರು. ಕೊಂಕಣದ ಹಳ್ಳಿಗಳಲ್ಲಿ ಗಾಣವಾಡಿಸಿ ಎಣ್ಣೆ ತೆಗೆಯುತ್ತಿದ್ದ ಈ ಜನ ಶನಿವಾರ ಮಾತ್ರ ಗಾಣವನ್ನು ನಿಲ್ಲಿಸುತ್ತಿದ್ದುದರಿಂದ ನೆರೆಹೊರೆಯವರು ಅವರನ್ನು 'ಶನಿವಾರ್ ತೇಲಿ' ಎಂದು ಕರೆಯುತ್ತಿದ್ದರು. ಶನಿವಾರವು ಯೆಹೂದ್ಯರ ವಿಶ್ರಾಂತಿಯ ದಿನ. ದೂರದ ಕಡಲತೀರದಲ್ಲಿ, ಅನ್ಯಭಾಷೆಯ ನಡುವೆ, ಶತಮಾನಗಳ ಕಾಲ ಅವರು ಆ ಒಂದು ದಿನವನ್ನು ಮರೆಯಲಿಲ್ಲ.

ಕ್ರಿ.ಶ. 70ರಲ್ಲಿ ರೋಮನರು ಯೆರೂಸಲೇಮಿನ ದೇವಾಲಯವನ್ನು ಕೆಡವಿದರು. ಅಲ್ಲಿಂದ ಮುಂದೆ 1948ರವರೆಗೆ ಯೆಹೂದ್ಯರಿಗೆ ನೆಲೆಯಾದ ಸ್ವಂತ ರಾಜ್ಯವಿರಲಿಲ್ಲ. ಹೋದ ಹೋದ ದೇಶಗಳಲ್ಲಿ ಅವರು ಅಲ್ಲಿಯ ಭಾಷೆಯನ್ನಾಡಿದರು, ಅಲ್ಲಿಯ ಉಡುಪನ್ನು ತೊಟ್ಟರು, ಅಲ್ಲಿಯ ಧಾನ್ಯವನ್ನುಂಡರು. ಆದರೂ ತಮ್ಮ ಗ್ರಂಥವನ್ನೂ ಹಬ್ಬಗಳನ್ನೂ ನೆನಪನ್ನೂ ಕಳೆದುಕೊಳ್ಳಲಿಲ್ಲ. ಇದು ಹೇಗೆ ಸಾಧ್ಯವಾಯಿತು? ಈ ಪ್ರಶ್ನೆಗೆ ಪಂಡಿತರು ಅನೇಕ ಉತ್ತರಗಳನ್ನು ಕೊಡುತ್ತಾರೆ. ಮಕ್ಕಳಿಗೆ ಅವರು ವಿದ್ಯೆ ಕಲಿಸಿದ ರೀತಿಯು ಅವುಗಳಲ್ಲಿ ಒಂದು. ಅದರ ತಿರುಳು ಎರಡು ಮಾತುಗಳಲ್ಲಿ ಅಡಗಿದೆ: ಮಗು ತಾನಾಗಿ ಕೇಳಬೇಕು, ಮಗುವಿನ ಕೈ ಕೆಲಸ ಮಾಡಬೇಕು. ಈ ಲೇಖನದಲ್ಲಿ ನಾವು ಅದನ್ನೇ ವಿಚಾರಿಸೋಣ.

ಮಗನಿಗೆ ಧರ್ಮಶಾಸ್ತ್ರವನ್ನು ಕಲಿಸುವುದು ತಂದೆಯ ಹೊಣೆಯೆಂಬುದು ಯೆಹೂದ್ಯರ ಪುರಾತನ ವಿಧಿ. ತಾಲ್ಮೂದ್ ಎಂಬ ಅವರ ಬೃಹತ್ ಗ್ರಂಥವು ಈ ಹೊಣೆಯನ್ನು ಇನ್ನಷ್ಟು ವಿವರಿಸುತ್ತದೆ. ಶಾಸ್ತ್ರದ ಜೊತೆಗೆ ತಂದೆಯು ಮಗನಿಗೆ ಒಂದು ಕಸುಬನ್ನೂ ಕಲಿಸಬೇಕು. ಈಜುವುದನ್ನೂ ಕಲಿಸಬೇಕೆಂದು ಕೆಲವರ ಮತ. ನೀರಿಗೆ ಬಿದ್ದ ಹುಡುಗನನ್ನು ಕಂಠಪಾಠವು ದಡ ಸೇರಿಸದು ಎಂಬ ವಿವೇಕ ಆ ಹಿರಿಯರಿಗಿತ್ತು.

ಆದರೆ ತಂದೆಯಿಲ್ಲದ ಮಕ್ಕಳ ಗತಿಯೇನು? ಅಂಥವರಿಗಾಗಿ ಮೊದಲು ಯೆರೂಸಲೇಮಿನಲ್ಲಿ, ಬಳಿಕ ಒಂದೊಂದು ಪ್ರಾಂತದಲ್ಲಿ ಗುರುಗಳನ್ನು ನೇಮಿಸಿದರು. ಆಗ ಹುಡುಗರು ಪಾಠಕ್ಕೆ ಬರುತ್ತಿದ್ದುದು ಹದಿನಾರು ಹದಿನೇಳರ ಪ್ರಾಯದಲ್ಲಿ. ಗುರು ಕೋಪಿಸಿಕೊಂಡರೆ ಅವರು ಎದುರುತ್ತರ ಕೊಟ್ಟು ಎದ್ದು ಹೋಗುತ್ತಿದ್ದರಂತೆ! ಕೊನೆಗೆ ಯೆಹೋಶುವ ಬೆನ್ ಗಾಮ್ಲಾ ಎಂಬ ಮಹಾಯಾಜಕನು ಪ್ರತಿಯೊಂದು ಊರಿನಲ್ಲಿಯೂ ಗುರುವನ್ನು ನೇಮಿಸಿ, ಆರೇಳು ವರ್ಷದ ಮಕ್ಕಳನ್ನು ಪಾಠಕ್ಕೆ ಕೂರಿಸುವ ಏರ್ಪಾಡು ಮಾಡಿದನೆಂದು ತಾಲ್ಮೂದ್ ಹೇಳುತ್ತದೆ. ಈತನ ಕಾಲ ಕ್ರಿಸ್ತಶಕ ಮೊದಲನೆಯ ಶತಮಾನ. ಆ ಮಾತು ಬರುವ ಕಡೆಯಲ್ಲಿಯೇ ತರಗತಿಯ ಲೆಕ್ಕವೂ ಇದೆ. ಒಬ್ಬ ಗುರುವಿಗೆ 25 ಮಕ್ಕಳು. 40 ಆದರೆ ಊರ ಖರ್ಚಿನಿಂದ ಒಬ್ಬ ಸಹಾಯಕ. 50 ಆದರೆ ಇಬ್ಬರು ಗುರುಗಳು. ಪಾಠ ಹತ್ತದ ಹುಡುಗನನ್ನು ಹೊರಗೆ ಹಾಕದೆ, ಓದುವವನ ಪಕ್ಕದಲ್ಲಿ ಸಂಗಡಿಗನಾಗಿ ಕೂರಿಸಬೇಕೆಂಬ ಸೂಚನೆಯೂ ಅಲ್ಲಿಯೇ ಸಿಗುತ್ತದೆ.

ಇದು ಶಾಲೆಯ ಮಾತಾಯಿತು. ಶಾಲೆಗಿಂತಲೂ ದೊಡ್ಡ ಪಾಠಶಾಲೆಯೊಂದು ಯೆಹೂದ್ಯರ ಮನೆಯೊಳಗೆ, ಊಟದ ಮೇಜಿನ ಸುತ್ತ, ವರ್ಷಕ್ಕೊಮ್ಮೆ ತೆರೆಯುತ್ತದೆ. ಅದು ಪಸ್ಕಹಬ್ಬದ ರಾತ್ರಿ. ಇದು ಮಾರ್ಚ್ ಏಪ್ರಿಲ್ ತಿಂಗಳುಗಳಲ್ಲಿ ಬರುತ್ತದೆ. ಐಗುಪ್ತ ದೇಶದಲ್ಲಿ ಫರೋಹನ ಗುಲಾಮರಾಗಿ ಇಟ್ಟಿಗೆ ಮಾಡುತ್ತಿದ್ದ ಪೂರ್ವಜರು ಮೋಶೆಯ ಮುಂದಾಳ್ತನದಲ್ಲಿ ಬಿಡುಗಡೆ ಪಡೆದರೆಂಬ ಕಥೆಯನ್ನು ಆ ರಾತ್ರಿ ಮಕ್ಕಳಿಗೆ ಹೇಳಬೇಕೆಂಬುದು ವಿಧಿ. ಹೇಳುವ ಕ್ರಮಕ್ಕೆ 'ಸೇದೆರ್' ಎಂದು ಹೆಸರು. ಆ ಶಬ್ದಕ್ಕೆ ಕ್ರಮ ಎಂಬುದೇ ಅರ್ಥ.

ಹಬ್ಬದ ಸಿದ್ಧತೆಯಲ್ಲಿಯೇ ಮಕ್ಕಳಿಗೆ ಕೆಲಸ ಮೊದಲಾಗುತ್ತದೆ. ಐಗುಪ್ತವನ್ನು ಬಿಟ್ಟು ಹೊರಡುವ ಅವಸರದಲ್ಲಿ ಹಿಟ್ಟು ಹುದುಗುವಷ್ಟು ವೇಳೆಯಿರಲಿಲ್ಲವಾದುದರಿಂದ, ಹಬ್ಬದ ದಿನಗಳಲ್ಲಿ ಹುಳಿಹಿಟ್ಟಿನ ರೊಟ್ಟಿಯ ಚೂರು ಸಹ ಮನೆಯಲ್ಲಿರಕೂಡದು. ಹಿಂದಿನ ರಾತ್ರಿ ದೀಪವಾರಿಸಿ, ಒಂದು ಮೇಣದ ಬತ್ತಿಯನ್ನೂ ಹಕ್ಕಿಯ ಗರಿಯನ್ನೂ ಹಿಡಿದು ಮೂಲೆ ಮೂಲೆಯನ್ನು ಶೋಧಿಸುತ್ತಾರೆ. ಶೋಧನೆ ಬರಿದಾಗಬಾರದೆಂದು ಮನೆಯವರು ಹತ್ತು ರೊಟ್ಟಿಚೂರುಗಳನ್ನು ಮೊದಲೇ ಅಲ್ಲಲ್ಲಿ ಅಡಗಿಸಿಡುವ ರೂಢಿ ಅನೇಕರಲ್ಲಿದೆ. ಅವನ್ನು ಹುಡುಕಿ ಗರಿಯಿಂದ ಗುಡಿಸಿ ತೆಗೆಯುವುದು ಮಕ್ಕಳಿಗೆ ಎಲ್ಲಿಲ್ಲದ ಉತ್ಸಾಹದ ಕೆಲಸ. 'ಮಾತ್ಸಾ' ಎಂಬ ಹುಳಿಯಿಲ್ಲದ ತೆಳುರೊಟ್ಟಿಯನ್ನಾದರೋ, ಹಿಟ್ಟಿಗೆ ನೀರು ತಾಗಿದ ಹದಿನೆಂಟು ನಿಮಿಷಗಳೊಳಗಾಗಿ ಬೇಯಿಸಿ ಮುಗಿಸಬೇಕು.

ಆ ರಾತ್ರಿಯ ತಟ್ಟೆಯೇ ಒಂದು ಪಠ್ಯಪುಸ್ತಕ. ಅದರಲ್ಲಿ ಕಹಿಸೊಪ್ಪು ಇರುತ್ತದೆ; ಅದು ಗುಲಾಮಗಿರಿಯ ಕಹಿ. ಹಣ್ಣು, ಬೀಜಗಳನ್ನು ಅರೆದು ಮಾಡಿದ ಸಿಹಿ ಮುದ್ದೆಯಿರುತ್ತದೆ. ಅದು ಪೂರ್ವಜರು ತುಳಿದ ಕೆಸರುಮಣ್ಣು. ಸೊಪ್ಪಿನ ಎಸಳೊಂದನ್ನು ಉಪ್ಪುನೀರಿನಲ್ಲಿ ಅದ್ದಿ ತಿನ್ನುತ್ತಾರೆ; ಆ ನೀರು ಅವರ ಕಣ್ಣೀರು. ಐಗುಪ್ತದವರಿಗೆ ಬಂದ ಹತ್ತು ಬಾಧೆಗಳನ್ನು ಹೆಸರಿಸುವಾಗ ಪ್ರತಿಯೊಂದಕ್ಕೂ ಬಟ್ಟಲಿನಿಂದ ಒಂದೊಂದು ಹನಿ ದ್ರಾಕ್ಷಾರಸವನ್ನು ಹೊರಗೆ ಚೆಲ್ಲುತ್ತಾರೆ. ಶತ್ರುವೇ ಆದರೂ ಅನ್ಯರು ನೊಂದರೆಂಬುದರಿಂದ ನಮ್ಮ ಸಂತೋಷದ ಬಟ್ಟಲು ಅಷ್ಟಷ್ಟು ಬರಿದಾಗಬೇಕೆಂದು ಇದರ ಅರ್ಥವನ್ನು ವಿವರಿಸುವುದುಂಟು. ನಾಲಗೆಯಿಂದಲೂ ಬೆರಳಿನಿಂದಲೂ ಹೀಗೆ ಕಲಿತ ಇತಿಹಾಸವನ್ನು ಯಾವ ಮಗು ತಾನೆ ಮರೆತೀತು?

ಇಷ್ಟಿದ್ದರೂ ಮಗು ಪ್ರಶ್ನೆ ಹಾಕದೆ ಕಥೆಯು ಆರಂಭವಾಗಲಾರದು. ಸೇರಿದವರಲ್ಲಿ ಅತ್ಯಂತ ಕಿರಿಯ ಮಗುವು ಎದ್ದು, ಈ ರಾತ್ರಿಗೂ ಉಳಿದ ರಾತ್ರಿಗಳಿಗೂ ಭೇದವೇನೆಂದು ವಿಚಾರಿಸಬೇಕು. ಇಂದು ತೆಳುರೊಟ್ಟಿಯೇ ಏಕೆ, ಕಹಿಯೇ ಏಕೆ, ಎರಡು ಸಲ ಅದ್ದುವುದೇಕೆ, ಒರಗಿ ಕೂರುವುದೇಕೆ ಎಂದು ಕೇಳಬೇಕು. ಉತ್ತರವಾಗಿ ಕಥೆ ಹರಿಯುತ್ತದೆ. ಕ್ರಿ.ಶ. 200ರ ಸುಮಾರಿಗೆ ಸಂಕಲಿತವಾದ ಮಿಷ್ನಾ ಎಂಬ ಗ್ರಂಥದಲ್ಲಿಯೇ ಈ ಪದ್ಧತಿಯಿದೆ. ಮಗನ ತಿಳಿವಳಿಕೆ ಎಷ್ಟೋ ಅದಕ್ಕೆ ತಕ್ಕಂತೆ ತಂದೆ ಕಲಿಸಬೇಕೆಂದು ಅದು ವಿಧಿಸುತ್ತದೆ.

ಮಗುವಿಗೆ ಪ್ರಶ್ನೆ ಹೊಳೆಯದಿದ್ದರೆ? ಅದಕ್ಕೂ ಹಿರಿಯರು ಉಪಾಯಗಳನ್ನು ಹೂಡಿದರು. ನಿದ್ದೆ ಹೋಗದೆ ಕೇಳುತ್ತಿರಲೆಂದು ಮಕ್ಕಳಿಗೆ ಹುರಿದ ಕಾಳು, ಬೀಜಗಳನ್ನು ಹಂಚುತ್ತಿದ್ದರು. ಊಟಕ್ಕೆ ಮೊದಲೇ ಮೇಜನ್ನು ಎತ್ತಿಬಿಡುತ್ತಿದ್ದರು, "ಇನ್ನೂ ಉಂಡೇ ಇಲ್ಲವಲ್ಲ, ಮೇಜನ್ನೇಕೆ ಎತ್ತಿದಿರಿ?" ಎಂದು ಮಗು ಬೆರಗಾಗಿ ಕೇಳಲೆಂಬುದೇ ಉದ್ದೇಶ. ಇಂದಿಗೂ ಮಾತ್ಸಾದ ಒಂದು ತುಂಡನ್ನು ಎಲ್ಲಿಯಾದರೂ ಬಚ್ಚಿಡುತ್ತಾರೆ. ಅದನ್ನು ತಿನ್ನದೆ ಊಟ ಮುಗಿಯುವಂತಿಲ್ಲ. ಹುಡುಕಿ ತಂದ ಮಗು ಉಡುಗೊರೆಗಾಗಿ ದೊಡ್ಡವರೊಡನೆ ಚೌಕಾಸಿಗೆ ನಿಲ್ಲುತ್ತದೆ. ಮನೆಯಲ್ಲಿ ಮಕ್ಕಳೇ ಇಲ್ಲದಿದ್ದರೂ ಪ್ರಶ್ನೆ ತಪ್ಪುವುದಿಲ್ಲ. ಶಾಸ್ತ್ರವನ್ನೆಲ್ಲ ಬಲ್ಲ ಇಬ್ಬರು ಪಂಡಿತರಿದ್ದರೆ ಅವರೇ ಒಬ್ಬರನ್ನೊಬ್ಬರು ಕೇಳಬೇಕು. ಒಂಟಿಯಾಗಿದ್ದವನು ತನ್ನನ್ನೇ ಕೇಳಿಕೊಳ್ಳಬೇಕು.

ಆ ರಾತ್ರಿ ಓದುವ ಹಗ್ಗಾದಾ ಎಂಬ ಪುಸ್ತಕದಲ್ಲಿ ನಾಲ್ವರು ಮಕ್ಕಳ ಪ್ರಸ್ತಾಪವಿದೆ. ಒಬ್ಬ ಜಾಣ, ಒಬ್ಬ ಒರಟ, ಒಬ್ಬ ಮುಗ್ಧ, ನಾಲ್ಕನೆಯವನು ಕೇಳಲೂ ಅರಿಯದವನು. ಒಬ್ಬೊಬ್ಬನಿಗೂ ಬೇರೆ ಬೇರೆ ಉತ್ತರ. ಕೇಳಲರಿಯದವನಿಗಂತೂ ಮಾತನ್ನು ದೊಡ್ಡವರೇ ತೆಗೆದು ದಾರಿ ಮಾಡಿಕೊಡಬೇಕು. ಒಂದೇ ತರಗತಿಯಲ್ಲಿ ಈ ನಾಲ್ವರೂ ಕುಳಿತಿರುತ್ತಾರೆಂಬುದನ್ನು ಶಿಕ್ಷಕರಾದ ನಾವು ದಿನವೂ ಕಾಣುತ್ತೇವೆ. ಬೆನೆ ಇಸ್ರೇಲರಿಗಾಗಿ ಈ ಹಗ್ಗಾದಾ ಮರಾಠಿ ಅನುವಾದದೊಡನೆ 1846ರಲ್ಲಿ ಮುಂಬಯಿಯಲ್ಲಿ, 1874ರಲ್ಲಿ ಪುಣೆಯಲ್ಲಿ ಅಚ್ಚಾಯಿತು. ಮಗುವಿಗೆ ಅರ್ಥವಾಗುವ ಭಾಷೆಯಲ್ಲಿ ಕಥೆ ಸಾಗಬೇಕೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಉಳಿದ ಹಬ್ಬಗಳೂ ಹೀಗೆಯೇ ಕೈಗೆ ಕೆಲಸವನ್ನೊದಗಿಸುತ್ತವೆ. ಪರ್ಣಶಾಲೆಗಳ ಹಬ್ಬದಲ್ಲಿ ಮಕ್ಕಳು ಹಿರಿಯರೊಡನೆ ಸೇರಿ ಅಂಗಳದಲ್ಲಿ ಗುಡಿಸಲು ಕಟ್ಟುತ್ತಾರೆ. ಮಾಡಿಗೆ ಸೊಪ್ಪುಸದೆ ಹೊದಿಸುತ್ತಾರೆ. ಅದರ ಸಂದುಗಳಿಂದ ನಕ್ಷತ್ರ ಕಾಣುವಂತಿರಬೇಕೆಂದು ಹೇಳುತ್ತಾರೆ. ಏಳು ದಿನ ಅದರೊಳಗೆ ಉಣ್ಣುತ್ತ, ಮರುಭೂಮಿಯಲ್ಲಿ ಅಲೆದ ಪೂರ್ವಜರನ್ನು ನೆನೆಯುತ್ತಾರೆ. ಶುಕ್ರವಾರ ಹಗಲು ತಾಯಿಯ ಪಕ್ಕದಲ್ಲಿ ನಿಂತು ಸಬ್ಬತ್ತಿನ ರೊಟ್ಟಿಯ ಹಿಟ್ಟನ್ನು ಜಡೆಯಂತೆ ಹೆಣೆಯಲು ಕಲಿಯುತ್ತಾರೆ. ನಮ್ಮ ಕೊಂಕಣದ ಬೆನೆ ಇಸ್ರೇಲರಲ್ಲಿ ಅವಲಕ್ಕಿಗೆ ಬೆಲ್ಲ, ತೆಂಗಿನ ತುರಿ ಬೆರೆಸಿ, ಹಣ್ಣುಗಳನ್ನಿಟ್ಟು ಪ್ರವಾದಿ ಎಲೀಯನ ಸ್ಮರಣೆ ಮಾಡುವ 'ಮಲೀದಾ' ಎಂಬ ಆಚರಣೆಯುಂಟು. ಧರ್ಮ ದೂರದ್ದಾದರೂ ಅವಲಕ್ಕಿ ಈ ನೆಲದ್ದೇ!

ಅಕ್ಷರಾಭ್ಯಾಸದಲ್ಲಿಯೂ ಒಂದು ಸೊಗಸಿದೆ. ಮಧ್ಯಯುಗದ ಜರ್ಮನಿ, ಫ್ರಾನ್ಸ್ ದೇಶಗಳ ಯೆಹೂದ್ಯರು ಮಗುವನ್ನು ಮೊದಲ ದಿನ ಗುರುವಿನ ತೊಡೆಯ ಮೇಲೆ ಕೂರಿಸಿ, ಅಕ್ಷರ ಬರೆದ ಹಲಗೆಗೆ ಜೇನುತುಪ್ಪ ಸವರಿ ನೆಕ್ಕಿಸುತ್ತಿದ್ದರು. ಅಕ್ಕಿಯ ಮೇಲೆ ಬೆರಳು ಹಿಡಿಸಿ ಓಂಕಾರ ತಿದ್ದಿಸಿಕೊಂಡ ನಮ್ಮ ಮಕ್ಕಳಿಗೆ ಇದರ ಮರ್ಮವನ್ನು ವಿವರಿಸಬೇಕಾಗಿಲ್ಲ.

ಮಕ್ಕಳು ದೊಡ್ಡವರಾದಂತೆ ಜೋಡಿ ಕುಳಿತು ಓದುವ ಪದ್ಧತಿ ಬರುತ್ತದೆ. ಇದಕ್ಕೆ 'ಹವ್ರೂತಾ', ಎಂದರೆ ಒಡನಾಟ, ಎಂದು ಹೆಸರು. ಇಬ್ಬರ ನಡುವೆ ಗ್ರಂಥವಿರುತ್ತದೆ. ಒಬ್ಬನು ಒಂದು ವಾಕ್ಯವನ್ನು ಗಟ್ಟಿಯಾಗಿ ಓದಿ ಅರ್ಥ ಹೇಳುತ್ತಾನೆ, ಇನ್ನೊಬ್ಬನು ಆಕ್ಷೇಪವೆತ್ತುತ್ತಾನೆ, ಮೊದಲನೆಯವನು ಸಮಾಧಾನ ಹೇಳಬೇಕು, ಇಲ್ಲವೆ ಸೋಲನ್ನೊಪ್ಪಬೇಕು. ಆದುದರಿಂದ ಯೆಹೂದ್ಯರ ಪಾಠಮಂದಿರದಲ್ಲಿ ಸಂತೆಯಂತೆ ಸದ್ದು. ಗುರುಗಳಿಂದ ಬಹಳ ಕಲಿತೆ, ಜೊತೆಗಾರರಿಂದ ಅದಕ್ಕೂ ಹೆಚ್ಚು, ಶಿಷ್ಯರಿಂದ ಎಲ್ಲಕ್ಕಿಂತ ಹೆಚ್ಚು ಕಲಿತೆ ಎಂಬ ಅಭಿಪ್ರಾಯವು ತಾಲ್ಮೂದಿನಲ್ಲಿ ಬರುತ್ತದೆ. ಹದಿಮೂರು ತುಂಬಿದ ಹುಡುಗನನ್ನು ಅವರು ತನ್ನ ನಡತೆಗೆ ತಾನೇ ಹೊಣೆಯಾದವನೆಂದು ಎಣಿಸುತ್ತಾರೆ. ಅವನು ಸಭೆಯ ಮುಂದೆ ನಿಂತು ಸ್ವರಚಿಹ್ನೆಗಳಿಲ್ಲದ ಧರ್ಮಶಾಸ್ತ್ರದ ಸುರುಳಿಯನ್ನು ರಾಗವಾಗಿ ಓದಬೇಕು. ಇದಕ್ಕಾಗಿ ತಿಂಗಳುಗಟ್ಟಲೆ ಅಭ್ಯಾಸ ಬೇಕಾಗುತ್ತದೆ. ಹುಡುಗಿಯರಿಗೂ ಇಂಥ ಸಮಾರಂಭ ನ್ಯೂಯಾರ್ಕ್ ನಗರದಲ್ಲಿ 1922ರಲ್ಲಿ ನಡೆಯಿತು. ಅಂದು ಸಭೆಯ ಮುಂದೆ ಓದಿದವಳು ಜೂಡಿತ್ ಕಪ್ಲಾನ್ ಎಂಬ ಬಾಲಿಕೆ.

ಯೆಹೂದ್ಯರ ಪಾಠಶಾಲೆಗಳೆಲ್ಲ ಸದಾಕಾಲವೂ ಹೀಗೆ ಸುಂದರವಾಗಿದ್ದುವೆಂದು ಹೇಳಿದರೆ ಸುಳ್ಳಾದೀತು. ಪೂರ್ವ ಯೂರೋಪಿನ 'ಹೇದೆರ್' ಎಂಬ ಒಕ್ಕೋಣೆಯ ಮಠಗಳಲ್ಲಿ ಗಾಳಿ ಬೆಳಕು ಕಡಮೆ, ಗಿಳಿಪಾಠ ಹೆಚ್ಚು, ಬೆತ್ತಕ್ಕೆ ಬಿಡುವಿಲ್ಲ. ಹುಡುಗಿಯರಲ್ಲಿ ಬಹುಮಂದಿಗೆ ಅದೂ ಇರಲಿಲ್ಲ. ಈ ಕೊರತೆಗಳನ್ನು ನೀಗಲು ಮುಂದೆ ಬಂದವರೂ ಯೆಹೂದ್ಯರೇ. ಪೋಲೆಂಡಿನ ಕ್ರಾಕೋವ್ ನಗರದಲ್ಲಿ ಬಟ್ಟೆ ಹೊಲಿದು ಜೀವಿಸುತ್ತಿದ್ದ ಸಾರಾ ಶೆನಿರರ್ ಎಂಬಾಕೆ 1917ರಲ್ಲಿ ಹುಡುಗಿಯರ ಶಾಲೆಯೊಂದನ್ನು ತೆರೆದಳು. ಅದೇ ಬೆಳೆದು 'ಬೇತ್ ಯಾಕೋಬ್' ಎಂಬ ದೊಡ್ಡ ಶಾಲಾಸಮೂಹವಾಯಿತು.

ಭಾಷೆಯ ವಿಷಯದಲ್ಲಿ ನಡೆದ ಸಾಹಸ ಇನ್ನೂ ದೊಡ್ಡದು. ಹೀಬ್ರೂ ಭಾಷೆ ಪ್ರಾರ್ಥನೆಗೂ ಗ್ರಂಥಕ್ಕೂ ಮೀಸಲಾಗಿ, ಮನೆಮಾತಾಗಿ ನಿಂತುಹೋಗಿ ಶತಮಾನಗಳು ಕಳೆದಿದ್ದುವು. 1881ರಲ್ಲಿ ಯೆರೂಸಲೇಮಿಗೆ ಬಂದ ಎಲಿಯೇಜರ್ ಬೆನ್ ಯೆಹೂದಾ ಎಂಬಾತನು ತನ್ನ ಮನೆಯಲ್ಲಿ ಹೀಬ್ರೂ ಹೊರತು ಬೇರೆ ಮಾತು ಕೂಡದೆಂದು ಹಟ ತೊಟ್ಟನು. 1882ರಲ್ಲಿ ಹುಟ್ಟಿದ ಅವನ ಮಗನು ಆಧುನಿಕ ಕಾಲದಲ್ಲಿ ಹೀಬ್ರೂ ಒಂದನ್ನೇ ಕೇಳಿ ಬೆಳೆದ ಮೊದಲ ಕೂಸು ಎನಿಸಿದನು. ಆದರೆ ಆ ಕೂಸು ಆಡಬೇಕಾದ ಎಷ್ಟೋ ಮಾತುಗಳು ಪುರಾತನ ಗ್ರಂಥಗಳಲ್ಲಿರಲಿಲ್ಲ. ನಿಘಂಟಿಗೆ, ವರ್ತಮಾನ ಪತ್ರಿಕೆಗೆ, ಐಸ್‌ಕ್ರೀಮಿಗೆ ಸಹ ಬೆನ್ ಯೆಹೂದಾ ಶಬ್ದಗಳನ್ನು ಟಂಕಿಸಬೇಕಾಯಿತು. 1886ರಲ್ಲಿ ರಿಶೋನ್ ಲೆತ್ಸಿಯೋನ್ ಎಂಬ ಹಳ್ಳಿಯಲ್ಲಿ ಹೀಬ್ರೂ ಮಾಧ್ಯಮದ ಶಾಲೆ ಆರಂಭವಾಯಿತು. ಅಲ್ಲಿಯೂ ಅನಂತರದ ಶಾಲೆಗಳಲ್ಲಿಯೂ ಮಕ್ಕಳು ಲೆಕ್ಕವನ್ನೂ ಭೂಗೋಳವನ್ನೂ ಹೀಬ್ರೂವಿನಲ್ಲಿ ಕಲಿತರು. ಆಟದಲ್ಲಿ ಅದನ್ನೇ ಆಡಿದರು, ಜಗಳದಲ್ಲಿ ಅದರಲ್ಲಿಯೇ ಬೈದಾಡಿದರು. ಪಂಡಿತನು ನಿಘಂಟಿನಲ್ಲಿಟ್ಟ ಶಬ್ದಕ್ಕೆ ಜೀವ ಬಂದುದು ಮಕ್ಕಳ ಬಾಯಿಯಲ್ಲಿ.

ಮಗುವನ್ನೇ ನಡುವಿಗಿಟ್ಟ ಶಿಕ್ಷಣದ ಮಾತು ಬಂದಾಗ ಪೋಲೆಂಡಿನ ವೈದ್ಯ ಯಾನುಷ್ ಕೋರ್ಚಾಕರ ಹೆಸರನ್ನು ಕೈ ಮುಗಿದು ಹೇಳಬೇಕು. 1912ರಲ್ಲಿ ವಾರ್ಸಾ ನಗರದ ಕ್ರೋಖ್ಮಾಲ್ನಾ ಬೀದಿಯಲ್ಲಿ ತೆರೆದ ಯೆಹೂದ್ಯ ಅನಾಥಾಲಯವನ್ನು ಅವರೂ ಸ್ತೆಫಾನಿಯಾ ವಿಲ್ಚಿನ್ಸ್ಕಾ ಎಂಬ ಮಹಿಳೆಯೂ ಕೂಡಿ ನಡೆಸಿದರು. ಅಲ್ಲಿ ಗುಡಿಸುವುದು, ಒರಸುವುದು, ಬಡಿಸುವುದು ಮೊದಲಾದ ಕೆಲಸಗಳನ್ನು ಮಕ್ಕಳೇ ಹಂಚಿಕೊಳ್ಳುತ್ತಿದ್ದರು. ಮಕ್ಕಳದೇ ಪಾರ್ಲಿಮೆಂಟು, ಮಕ್ಕಳದೇ ನ್ಯಾಯಾಲಯ. ನ್ಯಾಯಾಲಯದ ನಿಯಮಗಳಲ್ಲಿ ಮೊದಲಿನ 99 ಕಲಮುಗಳು ದಂಡನೆಯವಲ್ಲ, ಕ್ಷಮೆಯವು. ಸ್ವತಃ ಕೋರ್ಚಾಕರೂ ಅದರ ಮುಂದೆ ನಿಂತದ್ದುಂಟು. 1926ರಲ್ಲಿ ಅವರು ಮಕ್ಕಳೇ ಬರೆಯುವ ವಾರಪತ್ರಿಕೆಯೊಂದನ್ನು ಆರಂಭಿಸಿದರು. ಊರೂರುಗಳಿಂದ ಮಕ್ಕಳು ತಮ್ಮ ಸುಖದುಃಖಗಳನ್ನು ಅದಕ್ಕೆ ಬರೆದು ಕಳುಹಿಸುತ್ತಿದ್ದರು. 1939ರಲ್ಲಿ ಯುದ್ಧ ಬಂದು ಪತ್ರಿಕೆ ನಿಂತಿತು.

ಮುಂದಿನ ಕಥೆ ದಾರುಣವಾದುದು. ಜರ್ಮನಿಯ ನಾಜಿಗಳು ವಾರ್ಸಾದ ಯೆಹೂದ್ಯರನ್ನೆಲ್ಲ ಗೋಡೆಯೊಳಗೆ ಕೂಡಿಹಾಕಿದರು. ಅನಾಥಾಲಯವೂ ಅದರೊಳಗೆ ಹೋಗಬೇಕಾಯಿತು. ಹಸಿವು ರೋಗಗಳ ನಡುವೆ 1942ರ ಜುಲೈ 18ರಂದು ಆ ಮಕ್ಕಳು ಒಂದು ನಾಟಕವನ್ನಾಡಿದರು. ಅದು ನಮ್ಮ ರವೀಂದ್ರನಾಥ ಠಾಕೂರರ 'ಡಾಕ್ ಘರ್', ಎಂದರೆ ಅಂಚೆಮನೆ. ರೋಗದಿಂದ ಕೋಣೆ ಬಿಟ್ಟು ಹೊರಬರಲಾಗದ ಅಮಲ್ ಎಂಬ ಬಾಲಕನು ಕಿಟಕಿಯ ಬಳಿ ಕುಳಿತು, ಬೀದಿಯಲ್ಲಿ ಹೋಗುವವರನ್ನು ಮಾತಾಡಿಸುತ್ತ, ರಾಜನ ಓಲೆಗಾಗಿ ಕಾಯುವ ಕಥೆಯದು. ಗೋಡೆಯೊಳಗಿನ ಮಕ್ಕಳಿಗೆ ಅಮಲ್ ಯಾರೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮೂರು ವಾರ ಕಳೆಯುವಷ್ಟರಲ್ಲಿ, ಆಗಸ್ಟ್ ಮೊದಲ ವಾರ, ಸುಮಾರು 200 ಮಕ್ಕಳನ್ನು ತ್ರೆಬ್ಲಿಂಕಾ ಎಂಬ ಕೊಲೆಗಾರ ಶಿಬಿರಕ್ಕೆ ಒಯ್ದರು. ತಪ್ಪಿಸಿಕೊಳ್ಳುವ ಅವಕಾಶವಿದ್ದರೂ ಕೋರ್ಚಾಕರು ಮಕ್ಕಳ ಕೈ ಬಿಡಲಿಲ್ಲ. ಸ್ತೆಫಾನಿಯಾ ಸಹ ಬಿಡಲಿಲ್ಲ. ಯಾರೂ ಹಿಂದಿರುಗಿ ಬರಲಿಲ್ಲ. 1989ರಲ್ಲಿ ವಿಶ್ವಸಂಸ್ಥೆ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಅಂಗೀಕರಿಸಿತು. ಅದರ ಪ್ರಸ್ತಾವವನ್ನು ಮೊದಲು ಮುಂದಿಟ್ಟ ದೇಶ ಕೋರ್ಚಾಕರ ಪೋಲೆಂಡು.

ನಮ್ಮ ಮುಂಬಯಿಯಲ್ಲಿಯೂ ಈ ವಿದ್ಯಾಪ್ರೇಮದ ಗುರುತಿದೆ. ಹಯೀಮ್ ಸ್ಯಾಮ್ಯುಯೆಲ್ ಕೆಹಿಮ್‌ಕರ್ ಎಂಬ ಬೆನೆ ಇಸ್ರೇಲ್ ಸಜ್ಜನರು 1875ರಲ್ಲಿ ತಮ್ಮ ಜನರ ಮಕ್ಕಳಿಗಾಗಿ ಶಾಲೆಯೊಂದನ್ನು ಆರಂಭಿಸಿದರು. ಮಜಗಾಂವಿನಲ್ಲಿ ಸರ್ ಎಲಿ ಕದೂರಿ ಶಾಲೆಯೆಂದು ಹೆಸರಾದುದು ಅದೇ. 1948ರ ಅನಂತರ ಆ ಸಮಾಜದವರಲ್ಲಿ ಬಹುಮಂದಿ ಇಸ್ರೇಲಿಗೆ ಹೊರಟುಹೋದರು. ಶಾಲೆಯ ಬೆಂಚುಗಳ ಮೇಲೆ ಅನ್ಯಧರ್ಮಗಳ ಮಕ್ಕಳು ಕುಳಿತರು. ಶಾಲೆ ಒಡೆಯರನ್ನು ಬದಲಾಯಿಸಬಹುದು, ಮುಚ್ಚಲೂಬಹುದು. ಮನೆಯ ಮೇಜಿನ ಸುತ್ತ ಕಲಿತುದನ್ನಾದರೋ ಮಕ್ಕಳು ಹಡಗು ಹತ್ತುವಾಗ ತಮ್ಮೊಡನೆಯೇ ಕೊಂಡೊಯ್ದರು.

ವಿದ್ಯಾರ್ಥಿ ಮಿತ್ರರೇ, ಕನ್ನಡಿಗರಾದ ನಾವು ಈ ನಗರದಲ್ಲಿ ಯೆಹೂದ್ಯರಂತೆ ಕಷ್ಟ ಪಟ್ಟವರಲ್ಲ. ಅವರ ಸಂಕಟದೊಡನೆ ನಮ್ಮ ಸ್ಥಿತಿಯನ್ನು ಹೋಲಿಸುವುದು ಸಲ್ಲದು. ಆದರೂ ಅವರಿಂದ ಒಂದನ್ನು ಕಲಿಯಬಹುದು. ಕನ್ನಡ ಶಾಲೆಗಳಲ್ಲಿ ಮಕ್ಕಳ ಸಂಖ್ಯೆ ವರ್ಷವರ್ಷವೂ ಇಳಿಯುತ್ತಿರುವುದನ್ನು ನೀವು ಬಲ್ಲಿರಿ. ಶಾಲೆಯನ್ನು ಉಳಿಸುವ ಹೊಣೆ ದೊಡ್ಡವರದು. ಅದನ್ನು ನಿಮ್ಮ ತಲೆಯ ಮೇಲೆ ಹೊರಿಸುವುದು ನ್ಯಾಯವಲ್ಲ. ಪ್ರಶ್ನೆಯು ಮಾತ್ರ ನಿಮ್ಮದು. ಯುಗಾದಿಯ ದಿನ ಬೇವುಬೆಲ್ಲ ನಾಲಗೆಗೆ ಬಿದ್ದಾಗ "ಏಕೆ?" ಎಂದು ಅಜ್ಜಿಯನ್ನು ಕೇಳಿರಿ. ನಮ್ಮ ಊರು ಯಾವುದು, ಅದನ್ನು ಬಿಟ್ಟುದು ಯಾವ ವರ್ಷ, ಬಿಟ್ಟುದೇಕೆ, ಬರುವಾಗ ಕೈಯಲ್ಲಿ ಏನಿತ್ತು ಎಂದು ಅಜ್ಜನನ್ನು ಕೇಳಿರಿ. ನೀವು ಕನ್ನಡದಲ್ಲಿ ಕೇಳಿದರೆ ಅವರು ಕನ್ನಡದಲ್ಲಿಯೇ ಹೇಳುವರು. ನೀವು ಕೇಳದಿದ್ದರೆ ಆ ಕಥೆ ಅವರೊಡನೆಯೇ ಮುಗಿದುಹೋದೀತು.

ಹೋಳಿಗೆಯ ಹಿಟ್ಟು ನಾದುವಾಗ, ಬಾಗಿಲಿಗೆ ತೋರಣ ಕಟ್ಟುವಾಗ, ಊರಿಗೆ ಕಾಗದ ಬರೆಯುವಾಗ ದೂರ ನಿಂತು ನೋಡದೆ ನೀವೂ ಕೈ ಹಾಕಿರಿ. ಮನೆಯಲ್ಲಿ ದೊರೆತ ಉತ್ತರಗಳನ್ನು ಒಂದು ವಹಿಯಲ್ಲಿ ಬರೆದಿಟ್ಟು ತರಗತಿಗೆ ತನ್ನಿರಿ. ಜೋಡಿ ಕುಳಿತು ಒಬ್ಬರದನ್ನೊಬ್ಬರು ಓದಿ ಆಕ್ಷೇಪವೆತ್ತಿರಿ. ನಮಗೆ ಉತ್ತರ ತಿಳಿಯದ ಪ್ರಶ್ನೆಗಳನ್ನು ನೀವು ಕೇಳುವ ದಿನ ನಾವು ಕೋಪಿಸಿಕೊಳ್ಳುವುದಿಲ್ಲ. ನಿಮ್ಮ ಪಕ್ಕದಲ್ಲಿ ಕುಳಿತು ಕೂಡಿಯೇ ಹುಡುಕುವೆವು.